ಕೂಬರ್ ಪೀಡಿಯಿಂದ ಬರ್ಡ್ಸ್‌ವಿಲ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ಯಾವುದೇ ಎರಡು ಊರಿನ ಹೆಸರು ಕೊಟ್ಟರೆ ನಡುವಿನ ದೂರ, ವಿಮಾನದ ಸಮಯ ಎರಡನ್ನೂ ಹೇಳುವ ಕ್ಯಾಲ್ಕುಲೇಟರ್‌ಗಳು ಈಗ ಬೇಕಾದಷ್ಟಿವೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿರುವ ಕೂಬರ್ ಪೀಡಿ ಮತ್ತು ಬರ್ಡ್ಸ್‌ವಿಲ್ ಊರುಗಳನ್ನು ಅದಕ್ಕೆ ಕೊಟ್ಟು ನೋಡಿ. ದೂರ ಸುಮಾರು 570 ಕಿ.ಮೀ., ಹಾರಾಟ ಸುಮಾರು 1 ಗಂಟೆ 12 ನಿಮಿಷ ಎಂಬಂಥ ಉತ್ತರ ಬರುತ್ತದೆ. ದೂರದ ಲೆಕ್ಕ ಸರಿಯಾಗಿದೆ. ಸಮಯದ ಲೆಕ್ಕ ನಂಬಿ ಹೊರಟರೆ ಮಾತ್ರ ಕಷ್ಟ. ಈ ಎರಡು ಊರಿನ ನಡುವೆ ಟಿಕೆಟ್ ತಗೊಂಡು ಹತ್ತುವಂಥ ನೇರ ವಿಮಾನವೇ ಇಲ್ಲ.

ಮೊದಲು ಊರುಗಳ ಪರಿಚಯ. ಕೂಬರ್ ಪೀಡಿ ಇರುವುದು ಸೌತ್ ಆಸ್ಟ್ರೇಲಿಯಾ ರಾಜ್ಯದಲ್ಲಿ, ಅಡಿಲೇಡ್‌ನಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಸುಮಾರು 850 ಕಿ.ಮೀ. ಹೋದರೆ ಸಿಗುತ್ತದೆ. 1915ರಲ್ಲಿ ಅಲ್ಲಿ ಓಪಲ್ ಎಂಬ ರತ್ನದ ಕಲ್ಲು ಸಿಕ್ಕಿತು, ಅಗೆಯುವವರು ಬಂದರು, ಊರಾಯಿತು. ಬೇಸಿಗೆಯ ಬಿಸಿಲು ತಡೆಯಲಾರದೆ ಎಷ್ಟೋ ಜನ ಗುಡ್ಡ ಕೊರೆದು ನೆಲದೊಳಗೇ ಮನೆ ಮಾಡಿಕೊಂಡಿದ್ದಾರೆ. ಈಗ ಸಾವಿರದ ನಾನೂರು, ಐನೂರು ಜನ ಇರಬಹುದು. ಬರ್ಡ್ಸ್‌ವಿಲ್ ಇನ್ನೂ ಚಿಕ್ಕದು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ನೈಋತ್ಯ ಮೂಲೆಯಲ್ಲಿ, ಗಡಿಗೆ ಅಂಟಿಕೊಂಡಂತೆ ಇದೆ. ನೂರು ಚಿಲ್ಲರೆ ಜನ, 1884ರ ಒಂದು ಹೋಟೆಲ್, ಅದರ ಎದುರಿಗೇ ವಿಮಾನದ ರನ್‌ವೇ. ವರ್ಷಕ್ಕೊಮ್ಮೆ ಸೆಪ್ಟೆಂಬರ್‌ನಲ್ಲಿ ಕುದುರೆ ರೇಸ್ ನಡೆಯುವಾಗ ಮಾತ್ರ ಸಾವಿರಾರು ಜನ ಬಂದು ಸೇರುತ್ತಾರೆ.

ಈಗ ಆ 570 ಎಲ್ಲಿಂದ ಬಂತು ಅಂತ ಒಮ್ಮೆ ನಾವೇ ಲೆಕ್ಕ ಹಾಕೋಣ. ಪೇಪರ್, ಪೆನ್ನು ಸಾಕು.

ಕೂಬರ್ ಪೀಡಿ ದಕ್ಷಿಣ ಅಕ್ಷಾಂಶ 29.01, ಪೂರ್ವ ರೇಖಾಂಶ 134.75 ಡಿಗ್ರಿಯಲ್ಲಿದೆ. ಬರ್ಡ್ಸ್‌ವಿಲ್ 25.90 ಮತ್ತು 139.35ರಲ್ಲಿದೆ. ಅಂದರೆ ಉತ್ತರಕ್ಕೆ 3.11 ಡಿಗ್ರಿ, ಪೂರ್ವಕ್ಕೆ 4.60 ಡಿಗ್ರಿ ಹೋಗಬೇಕು. ಅಕ್ಷಾಂಶದ ಒಂದು ಡಿಗ್ರಿ ಭೂಮಿಯ ಮೇಲೆ ಎಲ್ಲೇ ಆದರೂ ಸುಮಾರು 111 ಕಿ.ಮೀ. ಹಾಗಾಗಿ ಉತ್ತರದ ಕಡೆಯ ದೂರ ಸುಮಾರು 345 ಕಿ.ಮೀ. ರೇಖಾಂಶದ ಡಿಗ್ರಿ ಹಾಗಲ್ಲ. ರೇಖಾಂಶಗಳೆಲ್ಲ ಧ್ರುವದಲ್ಲಿ ಹೋಗಿ ಸೇರುವುದರಿಂದ, ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಅವುಗಳ ನಡುವಿನ ಜಾಗ ಕಿರಿದಾಗುತ್ತದೆ. ಈ ಎರಡು ಊರುಗಳಿರುವ ಕಡೆ, ಅಂದರೆ 27.5 ಡಿಗ್ರಿಯ ಆಸುಪಾಸಿನಲ್ಲಿ, ಒಂದು ಡಿಗ್ರಿಗೆ ಸುಮಾರು 98.5 ಕಿ.ಮೀ. ಅಷ್ಟೇ. 4.60ರಿಂದ ಗುಣಿಸಿದರೆ 453. ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್. 345ರ ವರ್ಗ, 453ರ ವರ್ಗ ಕೂಡಿಸಿ, ವರ್ಗಮೂಲ ತೆಗೆದರೆ 570ರ ಹತ್ತಿರ ಬರುತ್ತದೆ. ಭೂಮಿ ಗುಂಡಗಿದೆಯಲ್ಲ, ಇದು ಸರಿಯಾ ಅಂತ ಕೇಳಬಹುದು. ಇಷ್ಟು ಕಡಿಮೆ ದೂರಕ್ಕೆ ಆ ವ್ಯತ್ಯಾಸ ಲೆಕ್ಕಕ್ಕೆ ಸಿಗುವುದಿಲ್ಲ. ಬೆಂಗಳೂರಿನಿಂದ ಲಂಡನ್‌ಗೆ ಹೀಗೆ ಲೆಕ್ಕ ಹಾಕಿದರೆ ಮಾತ್ರ ತಪ್ಪುತ್ತದೆ.

ಆ 570 ಕಿ.ಮೀ. ನೆಲದ ಮೇಲೆ ಯಾರಿಗೂ ಸಿಗುವುದಿಲ್ಲ. ನೇರ ಗೆರೆ ಎಳೆದರೆ ಅದು ಲೇಕ್ ಐರ್ ಎಂಬ ದೊಡ್ಡ ಉಪ್ಪಿನ ಸರೋವರದ ಉತ್ತರಕ್ಕೆ, ಸಿಂಪ್ಸನ್ ಮರುಭೂಮಿಯ ದಕ್ಷಿಣ ಭಾಗದ ಮೇಲೆ ಹಾದುಹೋಗುತ್ತದೆ. ಅಲ್ಲಿ ರಸ್ತೆ ಇಲ್ಲ. ಕಾರಿನಲ್ಲಿ ಹೋಗುವವರು ಮೊದಲು ಪೂರ್ವಕ್ಕೆ 166 ಕಿ.ಮೀ. ಹೋಗಿ ವಿಲಿಯಂ ಕ್ರೀಕ್ ಎಂಬ, ಹತ್ತು ಹನ್ನೆರಡು ಜನರಿರುವ ಜಾಗ ಸೇರಬೇಕು. ಅಲ್ಲಿಂದ ಊಡ್ನಡಾಟಾ ಟ್ರ್ಯಾಕ್‌ನಲ್ಲಿ ಆಗ್ನೇಯಕ್ಕೆ ಸುಮಾರು 200 ಕಿ.ಮೀ. ಇಳಿದು ಮರ‍್ರೀ ಊರಿಗೆ ಬರಬೇಕು. ಮತ್ತೆ ಅಲ್ಲಿಂದ ಬರ್ಡ್ಸ್‌ವಿಲ್ ಟ್ರ್ಯಾಕ್ ಹಿಡಿದು ಉತ್ತರಕ್ಕೆ 517 ಕಿ.ಮೀ. ಹತ್ತಬೇಕು. ಒಟ್ಟು 885 ಕಿ.ಮೀ. ಚಿಲ್ಲರೆ. ಈಶಾನ್ಯಕ್ಕೆ ಹೋಗಬೇಕಾದವನು ಮೊದಲು ಆಗ್ನೇಯಕ್ಕೆ ಹೋಗುವ ಪರಿಸ್ಥಿತಿ.

ಇದು ಎಷ್ಟು ಸುತ್ತು ಅಂತ ತಿಳಿಯಲು ಬೆಂಗಳೂರು–ಹೈದರಾಬಾದ್ ನೋಡಿ. ಅಲ್ಲಿ ನೇರ ಗೆರೆ ಸುಮಾರು 500 ಕಿ.ಮೀ., ರಸ್ತೆ ಸುಮಾರು 570. ಅಂದರೆ ರಸ್ತೆ ಏಳನೇ ಒಂದು ಪಾಲು ಮಾತ್ರ ಜಾಸ್ತಿ. ಇಲ್ಲಿ ಅರ್ಧಕ್ಕಿಂತ ಜಾಸ್ತಿ. ಅದೂ ಬಹುಪಾಲು ಡಾಂಬರಿಲ್ಲದ ಜಲ್ಲಿ, ಮಣ್ಣಿನ ದಾರಿ. ಗಂಟೆಗೆ 70 ಕಿ.ಮೀ. ಸರಾಸರಿ ಸಿಕ್ಕರೆ ಪುಣ್ಯ. ಬರ್ಡ್ಸ್‌ವಿಲ್ ಟ್ರ್ಯಾಕ್‌ನ ಚೂಪು ಕಲ್ಲುಗಳಿಗೆ ಟೈರ್ ಹರಿಯುವುದು ಮಾಮೂಲು. ಒಂದಲ್ಲ, ಎರಡು ಸ್ಟೆಪ್ನಿ ಇಟ್ಟುಕೊಳ್ಳಿ ಅಂತ ಹೇಳುವುದು ಅದಕ್ಕೇ. ಇಡೀ 517 ಕಿ.ಮೀ.ಯಲ್ಲಿ ಪೆಟ್ರೋಲು, ಡೀಸೆಲ್ಲು, ಊಟ, ಹಾಸಿಗೆ ಸಿಗುವುದು ಮಂಗರಾನಿ ಎಂಬ ಒಂದೇ ಜಾಗದಲ್ಲಿ. ಎರಡು ದಿನದ ಪ್ರಯಾಣ ಅಂದುಕೊಳ್ಳುವುದು ಜಾಣತನ.

ರಸ್ತೆ ಯಾಕೆ ಹೀಗೆ ಸುತ್ತಿ ಬಳಸಿ ಹೋಗುತ್ತದೆ? ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಭಾಗವೇ ಇದು. ಆ ರಸ್ತೆಗಳನ್ನು ಯಾರೂ ಕೂಬರ್ ಪೀಡಿಗೂ ಬರ್ಡ್ಸ್‌ವಿಲ್‌ಗೂ ಸಂಪರ್ಕ ಆಗಲಿ ಅಂತ ಮಾಡಲಿಲ್ಲ. ಅವು ಹುಟ್ಟಿದ್ದು ದನಕ್ಕಾಗಿ, ನೀರಿಗಾಗಿ, ರೈಲಿಗಾಗಿ. 1884ರ ಹೊತ್ತಿಗೆ ರೈಲು ಹಳಿ ಮರ‍್ರೀ ತಲುಪಿತ್ತು. ಕ್ವೀನ್ಸ್‌ಲ್ಯಾಂಡ್‌ನ ಹುಲ್ಲುಗಾವಲಲ್ಲಿ ಕೊಬ್ಬಿದ ದನಗಳನ್ನು ಅಡಿಲೇಡ್ ಮಾರುಕಟ್ಟೆಗೆ ಸಾಗಿಸಲು ಆ ರೈಲೇ ಹತ್ತಿರ. ಹಾಗಾಗಿ ಸಾವಿರಾರು ದನಗಳನ್ನು ಬರ್ಡ್ಸ್‌ವಿಲ್ ಕಡೆಯಿಂದ ಮರ‍್ರೀವರೆಗೆ ನಡೆಸಿಕೊಂಡೇ ಬರುತ್ತಿದ್ದರು. ದಾರಿಯಲ್ಲಿ ನೀರು ಬೇಕಲ್ಲ? ಸರ್ಕಾರ ಟ್ರ್ಯಾಕ್ ಉದ್ದಕ್ಕೂ ಆಳದ ಬೋರ್‌ವೆಲ್ ಕೊರೆಸಿತು. ಆ ಪ್ರದೇಶದ ಕೆಳಗೆ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಬೃಹತ್ ಅಂತರ್ಜಲ ಇದೆ. ಕೊರೆದರೆ ಪಂಪ್ ಇಲ್ಲದೆ ತಾನೇ ಚಿಮ್ಮುತ್ತದೆ. ಕೆಲವು ಕಡೆ ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಬಿಸಿ. ಬರ್ಡ್ಸ್‌ವಿಲ್ ಊರಿನ ನೀರೇ ನೆಲದಿಂದ 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರುತ್ತದೆ, ಆರಿಸಿ ಕುಡಿಯಬೇಕು. ಊಡ್ನಡಾಟಾ ಟ್ರ್ಯಾಕ್ ಕೂಡ ಅದೇ ಅಂತರ್ಜಲ ತಾನಾಗಿ ಉಕ್ಕುವ ಬುಗ್ಗೆಗಳ ಸಾಲನ್ನು ಹಿಡಿದು ಹೋಗುತ್ತದೆ. ಮೊದಲು ಅಲ್ಲಿನ ಮೂಲನಿವಾಸಿಗಳ ನಡೆದಾರಿ, ಆಮೇಲೆ ಟೆಲಿಗ್ರಾಫ್ ತಂತಿ, ಆಮೇಲೆ ಹಳೆಯ ರೈಲು, ಕೊನೆಗೆ ಈ ರಸ್ತೆ.

ನಮ್ಮ ಕಡೆಯ ಒಂದು ನಂಟೂ ಇಲ್ಲಿದೆ. ಮರ‍್ರೀಯಿಂದ ಬರ್ಡ್ಸ್‌ವಿಲ್‌ಗೆ ಹಿಟ್ಟು, ಸಕ್ಕರೆ, ಬಟ್ಟೆಬರೆ ಹೊತ್ತು ಸಾಗಿಸಿದ್ದು ಒಂಟೆಗಳು. ಅವನ್ನು ನಡೆಸುತ್ತಿದ್ದವರನ್ನೆಲ್ಲ ಅಲ್ಲಿನವರು ಅಫ್ಘನ್ನರು ಅಂತಲೇ ಕರೆದರು. ಆದರೆ ಅವರಲ್ಲಿ ಬಲೂಚಿಸ್ತಾನ, ಪಂಜಾಬ್ ಕಡೆಯಿಂದ, ಅಂದರೆ ಅಂದಿನ ಬ್ರಿಟಿಷ್ ಇಂಡಿಯಾದಿಂದ ಹೋದವರೂ ಬಹಳ ಜನ ಇದ್ದರು. ಆಸ್ಟ್ರೇಲಿಯಾದ ಬಹಳ ಹಳೆಯ ಮಸೀದಿಗಳಲ್ಲಿ ಒಂದನ್ನು ಅವರು ಮರ‍್ರೀಯಲ್ಲಿ ಕಟ್ಟಿಕೊಂಡಿದ್ದರು.

ಆ 885 ಕಿ.ಮೀ. ಕೂಡ ಗ್ಯಾರಂಟಿ ಇಲ್ಲ. ಬರ್ಡ್ಸ್‌ವಿಲ್ ಟ್ರ್ಯಾಕ್ ಕೂಪರ್ ಕ್ರೀಕ್ ಎಂಬ ನದಿಯನ್ನು ದಾಟುತ್ತದೆ. ವರ್ಷಗಟ್ಟಲೆ ಅದು ಬರೀ ಒಣ ಮರಳು. ಸಾವಿರ ಕಿ.ಮೀ. ಆಚೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಜೋರು ಮಳೆ ಬಿದ್ದರೆ ಆ ನೀರು ನಿಧಾನಕ್ಕೆ, ವಾರಗಟ್ಟಲೆ ಹರಿದು ಇಲ್ಲಿಗೆ ಬರುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ರಸ್ತೆ ಮಾತ್ರ ಮುಳುಗಿರುತ್ತದೆ. ಆಗ ಸರ್ಕಾರ ಕಾರು ದಾಟಿಸಲು ಒಂದು ಫೆರ್ರಿ ಬಿಡುತ್ತದೆ. 2025ರಲ್ಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಭಾರಿ ನೆರೆ ಬಂದು ಆ ನೀರು ಲೇಕ್ ಐರ್‌ವರೆಗೂ ಹರಿಯಿತು. ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದರೆ ದಂಡ ಬೇರೆ. ಸಿಂಪ್ಸನ್ ಮರುಭೂಮಿಯನ್ನೇ ನೇರ ದಾಟುತ್ತೇನೆ ಅನ್ನುವ ಹುಮ್ಮಸ್ಸಿನವರೂ ಇದ್ದಾರೆ. ಅಲ್ಲಿನ ಮರಳುದಿಬ್ಬಗಳು ಉತ್ತರ–ದಕ್ಷಿಣ ಸಾಲಾಗಿ ನಿಂತಿವೆ. ಅಡ್ಡ ಹೋಗುವವರು ಒಂದಾದ ಮೇಲೊಂದು ಸಾವಿರಕ್ಕೂ ಹೆಚ್ಚು ದಿಬ್ಬ ಹತ್ತಿ ಇಳಿಯಬೇಕು. ಡಿಸೆಂಬರ್‌ನಿಂದ ಮಾರ್ಚ್ ಮಧ್ಯದವರೆಗೆ ಅಲ್ಲಿನ ರಾಷ್ಟ್ರೀಯ ಉದ್ಯಾನವನ್ನೇ ಮುಚ್ಚಿಬಿಡುತ್ತಾರೆ. ಅಷ್ಟು ಬಿಸಿಲು.

ಸರಿ, ಇನ್ನು ಆಕಾಶಕ್ಕೆ ಬರೋಣ. ಆ 1 ಗಂಟೆ 12 ನಿಮಿಷ ಹೇಗೆ ಬಂತು? ಇಂಥ ಕ್ಯಾಲ್ಕುಲೇಟರ್‌ಗಳು ಸಾಮಾನ್ಯವಾಗಿ ಮಾಡುವುದು ಇಷ್ಟೇ: ವಿಮಾನದ ವೇಗ ಗಂಟೆಗೆ ಸುಮಾರು 800 ಕಿ.ಮೀ. ಅಂತ ಹಿಡಿ, ದೂರವನ್ನು ಅದರಿಂದ ಭಾಗಿಸು, ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಕೂಡಿಸು. ಆ ವೇಗ ಬೋಯಿಂಗ್, ಏರ್‌ಬಸ್‌ನಂಥ ದೊಡ್ಡ ಜೆಟ್‌ಗಳದ್ದು. ನೂರು ಜನರ ಊರಿಗೆ ನೂರೆಂಬತ್ತು ಸೀಟಿನ ಜೆಟ್ ಯಾರು ತರುತ್ತಾರೆ?

ಆ ಭಾಗದಲ್ಲಿ ನಿಜವಾಗಿ ಹಾರುವ ವಿಮಾನಗಳು ಬೇರೆ. 34 ಸೀಟಿನ ಸಾಬ್ 340 ಎಂಬ ಎರಡು ಪ್ರೊಪೆಲ್ಲರ್‌ನ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಅದು ಈ ದಾರಿಯಲ್ಲಿ ಹಾರಿದ್ದರೆ ಒಂದೂಕಾಲು, ಒಂದೂವರೆ ಗಂಟೆ ಸಾಕು. ಕ್ಯಾಲ್ಕುಲೇಟರ್ ಉತ್ತರಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ, ಅದು ಕಾಕತಾಳೀಯ ಅಷ್ಟೇ. ರೋಗಿಗಳನ್ನು ಸಾಗಿಸುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ನ ಕಿಂಗ್ ಏರ್, ಪಿಲಾಟಸ್ ವಿಮಾನಗಳದ್ದೂ ಹೆಚ್ಚುಕಡಿಮೆ ಇದೇ ವೇಗ. 1928ರ ಮೇ ತಿಂಗಳಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕ್ಲೋನ್‌ಕರಿಯಿಂದ ಮೊದಲ ಬಾರಿ ಹಾರಿದ ಈ ಸೇವೆ ಇಲ್ಲದಿದ್ದರೆ ಬರ್ಡ್ಸ್‌ವಿಲ್‌ನಂಥ ಊರಿನಲ್ಲಿ ಬದುಕುವ ಧೈರ್ಯ ಎಷ್ಟು ಜನಕ್ಕೆ ಬರುತ್ತಿತ್ತೋ. ಬಾಡಿಗೆಗೆ ಸಿಗುವ, ಪ್ರವಾಸಿಗರನ್ನು ಲೇಕ್ ಐರ್ ಮೇಲೆ ಸುತ್ತಿಸುವ ವಿಮಾನಗಳು ಹೆಚ್ಚಾಗಿ ಒಂದೇ ಎಂಜಿನ್‌ನ ಸೆಸ್ನಾಗಳು. ಆರು ಸೀಟಿನ ಸೆಸ್ನಾ 210 ಗಂಟೆಗೆ ಸುಮಾರು 300 ಕಿ.ಮೀ. ಹೋಗುತ್ತದೆ. ಹೆಚ್ಚುಕಡಿಮೆ ಎರಡು ಗಂಟೆ ಬೇಕು. ನಾಲ್ಕು ಸೀಟಿನ ಸೆಸ್ನಾ 172 ಗಂಟೆಗೆ 220 ಮಾತ್ರ. ಅದಕ್ಕೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ.

ಇದೆಲ್ಲ ಗಾಳಿ ಬೀಸದಿದ್ದರೆ. ಗಾಳಿಯ ಲೆಕ್ಕದಲ್ಲಿ ಒಂದು ಮೋಜಿದೆ. ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಅದೇ ಹಿಂದಿನಿಂದ ತಳ್ಳುತ್ತದೆ, ಎರಡೂ ಸರಿಹೋಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಸರಿಹೋಗುವುದಿಲ್ಲ. ಪೈಲಟ್‌ಗಳ ಭಾಷೆಯಲ್ಲಿ ಈ ದೂರ 308 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.). ಸೆಸ್ನಾ 172ರ ವೇಗ 120 ನಾಟ್, ಅಂದರೆ ಗಂಟೆಗೆ 120 ನಾಟಿಕಲ್ ಮೈಲಿ ಅಂತಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಒಂದು ಕಡೆಗೆ 2 ಗಂಟೆ 34 ನಿಮಿಷ, ಹೋಗಿ ಬರಲು 5 ಗಂಟೆ 8 ನಿಮಿಷ. 25 ನಾಟ್ ಎದುರುಗಾಳಿ ಬೀಸಿದರೆ ನೆಲದ ಮೇಲಿನ ವೇಗ 95ಕ್ಕೆ ಇಳಿಯುತ್ತದೆ, ಹೋಗಲು 3 ಗಂಟೆ 15 ನಿಮಿಷ. ಬರುವಾಗ ವೇಗ 145, ಸಮಯ 2 ಗಂಟೆ 7 ನಿಮಿಷ. ಒಟ್ಟು 5 ಗಂಟೆ 22 ನಿಮಿಷ. ನಿಧಾನವಾಗಿ ಹೋಗುವಾಗ ಆ ಕೆಟ್ಟ ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತೀರಿ, ಒಳ್ಳೆಯ ಗಾಳಿಯಲ್ಲಿ ಕಮ್ಮಿ ಹೊತ್ತು. ಕಳಕೊಂಡದ್ದು ಪೂರ್ತಿ ವಾಪಸ್ ಬರುವುದಿಲ್ಲ.

14 ನಿಮಿಷ ತಾನೇ, ಏನಾಯ್ತೀಗ ಅನ್ನಬೇಡಿ. ಪೆಟ್ರೋಲ್ ಲೆಕ್ಕ ಹಾಕಿ. ಹಳೆಯ ಸೆಸ್ನಾ 172ರಲ್ಲಿ ಬಳಸಲು ಸಿಗುವ ಇಂಧನ ಸುಮಾರು 150 ಲೀಟರ್. ಗಂಟೆಗೆ 35 ಲೀಟರ್ ಕುಡಿಯುತ್ತದೆ ಅಂತ ಹಿಡಿಯೋಣ. ಆ ಎದುರುಗಾಳಿಯಲ್ಲಿ 3 ಗಂಟೆ 15 ನಿಮಿಷ ಹಾರಿ ಬರ್ಡ್ಸ್‌ವಿಲ್ ಮೇಲೆ ಬಂದಿರಿ. ಕೆಳಗೆ ಧೂಳಿನ ಬಿರುಗಾಳಿ, ರನ್‌ವೇ ಕಾಣುತ್ತಿಲ್ಲ. ಹತ್ತಿರದ ಇನ್ನೊಂದು ಊರು ಬೆಡೂರಿ, ಉತ್ತರಕ್ಕೆ ಸುಮಾರು 170 ಕಿ.ಮೀ. ಅಲ್ಲಿಗೆ ಗಾಳಿ ಅಡ್ಡಿ ಮಾಡದಿದ್ದರೂ ಮುಕ್ಕಾಲು ಗಂಟೆ. ಅದರ ಮೇಲೆ, ಹಗಲಿನಲ್ಲಿ ನೆಲ ನೋಡಿಕೊಂಡು ಹಾರುವ ಚಿಕ್ಕ ವಿಮಾನ ಇಳಿಯುವಾಗ ಅರ್ಧ ಗಂಟೆಯ ಇಂಧನ ಮುಟ್ಟದೆ ಉಳಿದಿರಬೇಕು ಅನ್ನುವುದು ಆಸ್ಟ್ರೇಲಿಯಾದ ನಿಯಮ. ಎಲ್ಲ ಕೂಡಿಸಿದರೆ ನಾಲ್ಕೂವರೆ ಗಂಟೆ, 157 ಲೀಟರ್. ಟ್ಯಾಂಕ್‌ನಲ್ಲಿ ಇರುವುದು 150. ಗಾಳಿ ಇಲ್ಲದ ದಿನ ಆರಾಮಾಗಿ ಮುಗಿಯುವ ಪ್ರಯಾಣ, ಆ ದಿನ ಹೊರಡಲೇಬಾರದ ಪ್ರಯಾಣ ಆಗುತ್ತದೆ. ಇಲ್ಲವೇ ನಡುವೆ ವಿಲಿಯಂ ಕ್ರೀಕ್ ಕಡೆ ಹೋಗಿ ಇಂಧನ ತುಂಬಿಸಿಕೊಳ್ಳಬೇಕು. ಆಗ ದೂರವೂ ಬದಲಾಯಿತು, ಹೊತ್ತೂ ಬದಲಾಯಿತು.

ಬಿಸಿಲೂ ಸುಮ್ಮನಿರುವುದಿಲ್ಲ. 45 ಡಿಗ್ರಿ ಬಿಸಿಯಲ್ಲಿ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲ ಕಮ್ಮಿ, ಎಂಜಿನ್‌ಗೂ ಉಸಿರು ಕಮ್ಮಿ. ರನ್‌ವೇಯಲ್ಲಿ ಇನ್ನೂ ಉದ್ದಕ್ಕೆ ಓಡಬೇಕು, ನಿಧಾನಕ್ಕೆ ಏರಬೇಕು. ಮಧ್ಯಾಹ್ನದ ಹೊತ್ತಿಗೆ ಕಾದ ನೆಲದಿಂದ ಏಳುವ ಗಾಳಿ ಚಿಕ್ಕ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಹಾಗಾಗಿ ಅಲ್ಲಿ ಅನುಭವ ಇರುವವರು ಬೆಳಕು ಹರಿಯುವಾಗಲೇ ಹೊರಡುತ್ತಾರೆ.

ಇನ್ನು ಗಡಿಯಾರ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ತಲೆ ಕೆಡಿಸುವುದು ಇದೇ. ಸೌತ್ ಆಸ್ಟ್ರೇಲಿಯಾ ಸಮಯ ಗ್ರೀನಿಚ್‌ಗಿಂತ 9 ಗಂಟೆ 30 ನಿಮಿಷ ಮುಂದೆ. ಕ್ವೀನ್ಸ್‌ಲ್ಯಾಂಡ್ 10 ಗಂಟೆ ಮುಂದೆ. ಅಂದರೆ ಬರ್ಡ್ಸ್‌ವಿಲ್ ಅರ್ಧ ಗಂಟೆ ಮುಂದಿದೆ. ಕೂಬರ್ ಪೀಡಿಯಲ್ಲಿ ಬೆಳಿಗ್ಗೆ 9ಕ್ಕೆ ಹೊರಟು ಎರಡು ಗಂಟೆ ಹಾರಿದರೆ ಅಲ್ಲಿ 11:30 ಆಗಿರುತ್ತದೆ. ಇಲ್ಲಿಯವರೆಗೆ ಸುಲಭ. ಆದರೆ ಅಕ್ಟೋಬರ್‌ನ ಮೊದಲ ಭಾನುವಾರದಿಂದ ಏಪ್ರಿಲ್‌ನ ಮೊದಲ ಭಾನುವಾರದವರೆಗೆ ಸೌತ್ ಆಸ್ಟ್ರೇಲಿಯಾ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತದೆ. ಕ್ವೀನ್ಸ್‌ಲ್ಯಾಂಡ್ ತಿರುಗಿಸುವುದಿಲ್ಲ. ಆಗ ಪಶ್ಚಿಮದಲ್ಲಿರುವ ಕೂಬರ್ ಪೀಡಿಯೇ ಅರ್ಧ ಗಂಟೆ ಮುಂದಾಗುತ್ತದೆ! ಅದೇ 9ಕ್ಕೆ ಹೊರಟು, ಅದೇ ಎರಡು ಗಂಟೆ ಹಾರಿದರೆ ಬರ್ಡ್ಸ್‌ವಿಲ್ ಗಡಿಯಾರದಲ್ಲಿ 10:30. ಗಡಿಯಾರವನ್ನು ಮಾತ್ರ ನೋಡುವವನಿಗೆ ಒಂದೇ ಪ್ರಯಾಣ ಚಳಿಗಾಲದಲ್ಲಿ ಎರಡೂವರೆ ಗಂಟೆ, ಬೇಸಿಗೆಯಲ್ಲಿ ಒಂದೂವರೆ ಗಂಟೆ.

ಸೂರ್ಯನಿಗೆ ಈ ರಾಜ್ಯ ಸರ್ಕಾರಗಳ ಲೆಕ್ಕ ಗೊತ್ತಿಲ್ಲ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ಎರಡು ಊರಿನ ನಡುವೆ 4.6 ಡಿಗ್ರಿ ರೇಖಾಂಶ. ಅಂದರೆ ಬರ್ಡ್ಸ್‌ವಿಲ್‌ನ ನಡುಮಧ್ಯಾಹ್ನ ಕೂಬರ್ ಪೀಡಿಗಿಂತ ಸುಮಾರು 18 ನಿಮಿಷ ಮೊದಲು, ವರ್ಷವಿಡೀ. ಕತ್ತಲೂ ಹೆಚ್ಚುಕಡಿಮೆ ಅಷ್ಟೇ ಬೇಗ. ಹಗಲು ಮಾತ್ರ ಹಾರುವ ಪೈಲಟ್‌ಗೆ ಇದು ಮುಖ್ಯ. ಬೆಳಕು ಪೂರ್ತಿ ಹೋಗುವುದಕ್ಕೆ ಹತ್ತು ನಿಮಿಷ ಮುಂಚೆಯಾದರೂ ನೆಲ ಮುಟ್ಟುವ ಹಾಗೆ ಹೊರಡಬೇಕು ಅನ್ನುವುದು ಅಲ್ಲಿನ ನಿಯಮ. ಪೂರ್ವಕ್ಕೆ ಹಾರುವವನಿಗೆ ಸಂಜೆ ಎದುರಿಗೇ ಬರುತ್ತದೆ. ಈ ಗೊಂದಲವೇ ಬೇಡ ಅಂತ ಪೈಲಟ್‌ಗಳು ಎಲ್ಲ ಲೆಕ್ಕವನ್ನೂ ಗ್ರೀನಿಚ್ ಸಮಯದಲ್ಲೇ ಬರೆದುಕೊಳ್ಳುತ್ತಾರೆ.

ಹಾಗಾದರೆ ಸಾಮಾನ್ಯ ಪ್ರಯಾಣಿಕ ಟಿಕೆಟ್ ತಗೊಂಡು ಹೋಗಲು ದಾರಿಯೇ ಇಲ್ಲವಾ? ಇದೆ, ಆದರೆ ನಗು ಬರುತ್ತದೆ. ಕೂಬರ್ ಪೀಡಿಯ ವಿಮಾನ ಹೋಗುವುದು ತನ್ನ ರಾಜಧಾನಿ ಅಡಿಲೇಡ್‌ಗೆ, ದಕ್ಷಿಣಕ್ಕೆ 750 ಕಿ.ಮೀ. ಅಡಿಲೇಡ್‌ನಿಂದ ಕ್ವೀನ್ಸ್‌ಲ್ಯಾಂಡ್ ರಾಜಧಾನಿ ಬ್ರಿಸ್ಬೇನ್‌ಗೆ ಜೆಟ್ ಹಿಡಿದರೆ ಇನ್ನೊಂದು 1,600 ಕಿ.ಮೀ. ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ತಿರುಗಿ ಬರ್ಡ್ಸ್‌ವಿಲ್‌ಗೆ, ನೇರ ಗೆರೆಯಲ್ಲೇ ಸುಮಾರು 1,375 ಕಿ.ಮೀ. ಈ ಕೊನೆಯ ವಿಮಾನ ವಾರದಲ್ಲಿ ಕೆಲವೇ ದಿನ, ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಸಹಾಯಧನದಿಂದ ಓಡುವಂಥದ್ದು. ನಮ್ಮ ಹಳ್ಳಿ ಕಡೆಯ ಕೆಂಪು ಬಸ್ಸಿನ ಹಾಗೆ ಟೂವೂಂಬಾ, ಚಾರ್ಲ್‌ವಿಲ್, ಕ್ವಿಲ್ಪಿ, ವಿಂಡೋರಾ ಅಂತ ಒಂದೊಂದೇ ಊರಲ್ಲಿ ಇಳಿದು ಹತ್ತಿ ಹೋಗುತ್ತದೆ. ಒಟ್ಟು 3,700 ಕಿ.ಮೀ.ಗೂ ಜಾಸ್ತಿ. ನೇರ ದೂರದ ಆರೂವರೆ ಪಟ್ಟು. ಒಂದೇ ದಿನದಲ್ಲಿ ಮುಗಿಯುತ್ತದೆ ಅನ್ನುವ ಆಸೆ ಬೇಡ.

ಕಾರಣ ಸರಳ. ಎರಡು ಊರೂ ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ. ಒಂದರ ಆಸ್ಪತ್ರೆ, ಕೋರ್ಟು, ಮಾರುಕಟ್ಟೆ ಎಲ್ಲ ಅಡಿಲೇಡ್ ಕಡೆ. ಇನ್ನೊಂದರದ್ದು ಬ್ರಿಸ್ಬೇನ್ ಕಡೆ. 1901ರಲ್ಲಿ ಆಸ್ಟ್ರೇಲಿಯಾ ಒಂದೇ ದೇಶ ಆಗುವ ಮುಂಚೆ ಇವು ಬೇರೆ ಬೇರೆ ವಸಾಹತುಗಳು. ಆಗ ಗಡಿ ದಾಟುವ ದನಕ್ಕೂ ಸರಕಿಗೂ ಬರ್ಡ್ಸ್‌ವಿಲ್‌ನಲ್ಲಿ ಸುಂಕ ವಸೂಲಿ ಮಾಡುತ್ತಿದ್ದರು. ಸುಂಕದ ಕಟ್ಟೆ ಹೋಗಿ ನೂರಿಪ್ಪತ್ತು ವರ್ಷ ದಾಟಿದೆ. ವಿಮಾನದ ದಾರಿಗಳು ಇನ್ನೂ ಆ ಗಡಿಯನ್ನು ಮರೆತಿಲ್ಲ.

ಆದ್ದರಿಂದ ನಿಜಕ್ಕೂ ಹೋಗಬೇಕು ಅನ್ನುವವರಿಗೆ ಉಳಿಯುವುದು ಬಾಡಿಗೆ ವಿಮಾನ. ದರ ಕೇಳುವಾಗ ಒಂದು ವಿಷಯ ಗಮನದಲ್ಲಿರಲಿ. ನಿಮ್ಮನ್ನು ಬಿಟ್ಟು ವಿಮಾನ ಖಾಲಿ ವಾಪಸ್ ಬರಬೇಕು, ಆ ಖರ್ಚೂ ನಿಮ್ಮದೇ. ಎರಡು ಗಂಟೆಯ ಹಾರಾಟ ಅಂದರೆ ಬಿಲ್ಲು ನಾಲ್ಕು ಗಂಟೆಯದ್ದು. ಐದು ಜನ ಸೇರಿ ಸೆಸ್ನಾ 210 ಹಿಡಿದರೆ ತಲೆಗೆ ಬೀಳುವ ಮೊತ್ತ ಸ್ವಲ್ಪ ಇಳಿಯುತ್ತದೆ, ಆದರೆ ಅಷ್ಟು ಜನ ಕೂತರೆ ದೊಡ್ಡ ಸೂಟ್‌ಕೇಸ್‌ಗೆ ಜಾಗವೂ ಇಲ್ಲ, ತೂಕವೂ ಹೊಂದುವುದಿಲ್ಲ. ಮೆತ್ತನೆಯ ಚಿಕ್ಕ ಬ್ಯಾಗ್ ತನ್ನಿ ಅನ್ನುತ್ತಾರೆ. ನಿಮ್ಮ ತೂಕವನ್ನೂ ಕೇಳುತ್ತಾರೆ, ನಾಚಿಕೊಂಡು ಕಮ್ಮಿ ಹೇಳಬೇಡಿ. ರೇಸ್ ನೋಡಲು ಸೆಪ್ಟೆಂಬರ್ ಮೊದಲ ವಾರ ಹೋಗುವುದಾದರೆ ಪಾರ್ಕಿಂಗ್‌ಗೂ ಇಂಧನಕ್ಕೂ ಮೊದಲೇ ಹೇಳಿಡಬೇಕು, ಆ ವಾರ ಅಲ್ಲಿ ನೂರಾರು ಚಿಕ್ಕ ವಿಮಾನಗಳು ಬಂದಿರುತ್ತವೆ. ಆಗಿನ್ನೂ ಸೌತ್ ಆಸ್ಟ್ರೇಲಿಯಾ ಗಡಿಯಾರ ತಿರುಗಿಸಿರುವುದಿಲ್ಲ. ಇಳಿದ ಮೇಲೆ ವಾಚನ್ನು ಅರ್ಧ ಗಂಟೆ ಮುಂದಕ್ಕೆ ಇಟ್ಟುಕೊಳ್ಳಿ.